ಕೋಸಿನ ರಾಜನ ಗಲ್ಲದ ಗಾಯ

"ಈ ವರ್ಷ ಕೋಸಿನ ಕಿರೀಟ ನನ್ನ ತಲೆಗೇ!" ಎಂದು ಒನ್ನೋ ಕನ್ನಡಿಯ ಮುಂದೆ ಘೋರ ಶಪಥ ಮಾಡಿದ. ಪಿಸುಮಾತಿನಲ್ಲಿ! ಹೆಂಡತಿ ವೀಬ್ಕೆ ಪಕ್ಕದ ಕೋಣೆಯಲ್ಲೇ ಇದ್ದಳಲ್ಲ.

ಓಲ್ಡನ್‌ಬುರ್ಗ್ ಸೀಮೆಯಲ್ಲಿ ಚಳಿ ಬಿತ್ತೆಂದರೆ ಊರಿಗೆ ಊರೇ ಕೈಗಾಡಿ ಎಳೆದುಕೊಂಡು ನಡೆದು, ಹೋಟೆಲಿಗೆ ನುಗ್ಗಿ, ಹಸಿರು ಕೋಸಿನ ಸೊಪ್ಪನ್ನು ಸಾಸೇಜಿನ ಜೊತೆ ಬಾರಿಸುತ್ತದೆ. ಎಲ್ಲರಿಗಿಂತ ಹೆಚ್ಚು ತಿಂದವನೇ ಆ ವರ್ಷದ ರಾಜ. ಇಪ್ಪತ್ತೆರಡು ವರ್ಷಗಳಿಂದ ಒನ್ನೋ ಬರೀ ಪ್ರಜೆ! ಈಗಂತೂ ಹೃದಯದಲ್ಲಿ ಕೃತಕ ಕವಾಟ ಕೂತಿದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ದಿನಾ ಮಾತ್ರೆ. ಆ ಸೊಪ್ಪೋ, ಮಾತ್ರೆಯ ಹುಟ್ಟಾ ವೈರಿ. ಅದರೊಳಗಿನ ಕೆ ವಿಟಮಿನ್, ಮಾತ್ರೆಯ ಆಟವನ್ನೇ ಕೆಡಿಸಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. "ಎರಡೇ ಚಮಚ" ಎಂದಿದ್ದರು ಡಾಕ್ಟರು. ಅಳೆದು ಬಡಿಸುವವಳು ವೀಬ್ಕೆ.

ಒನ್ನೋ ಒಂದು ವಾರ ಗೆಳೆಯನ ಮನೆಯಲ್ಲಿ ಗುಟ್ಟಾಗಿ ತಾಲೀಮು ನಡೆಸಿದ. ಸ್ಪರ್ಧೆಯ ಶನಿವಾರ ವೀಬ್ಕೆಗೆ ನೆಗಡಿ. "ಎರಡು ಚಮಚ, ನೆನಪಿರ್ಲಿ!" ಎಂದು ಹಾಸಿಗೆಯಿಂದಲೇ ಕೂಗಿದಳು.

"ನಿನ್ನಾಣೆ ಕಣೇ!"

ಹೋಟೆಲಿನಲ್ಲಿ ಐದು ತಟ್ಟೆ ಖಾಲಿ! ಜಯಘೋಷವೇನು, ಕೊರಳಿಗೆ ಹಂದಿಯ ದವಡೆ ಮೂಳೆಯ ರಾಜಹಾರವೇನು! ಹಾರವನ್ನು ಸೈಕಲ್ ಶೆಡ್ಡಿನಲ್ಲಿ ಬಚ್ಚಿಟ್ಟು ಮಹಾರಾಜರು ಬೆಕ್ಕಿನ ಹೆಜ್ಜೆಯಲ್ಲಿ ಮನೆ ಸೇರಿದರು.

ಸೋಮವಾರ ಬೆಳಿಗ್ಗೆ ಗಡ್ಡ ಹೆರೆಯುವಾಗ ರೇಜರ್ ಗಲ್ಲಕ್ಕೆ ತಾಗಿತು. ವೀಬ್ಕೆ ಹತ್ತಿ, ಟವೆಲು, ಗಡಿಯಾರ ಹಿಡಿದು ಓಡಿಬಂದಳು. ಮಾತ್ರೆಯ ದೆಸೆಯಿಂದ ಮಾಮೂಲಾಗಿ ಅದು ಅರ್ಧ ಗಂಟೆಯ ಕಾರ್ಯಕ್ರಮ. ಇಂದು ಎರಡೇ ನಿಮಿಷ! ರಕ್ತ ನಿಂತೇಬಿಟ್ಟಿತು.

"ನೋಡಿದ್ಯಾ? ಗಂಡಸಿನ ರಕ್ತ ಅಂದ್ರೆ ಹೀಗಿರ್ಬೇಕು!" ಒನ್ನೋ ಎದೆಯುಬ್ಬಿಸಿದ.

ವೀಬ್ಕೆ ನಗಲಿಲ್ಲ. "ಎಷ್ಟು ತಿಂದೆ?"

"ಏ... ಏನನ್ನ?"

"ಬೆರಳು ಚಾಚು."

ಸೂಜಿ ಚುಚ್ಚಿ ಒಂದು ಹನಿಯನ್ನು, ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಮನೆಯ ಯಂತ್ರಕ್ಕೆ ಕೊಟ್ಟಳು. ಮೂರರ ಹತ್ತಿರ ಇರಬೇಕಾದ ಅಂಕಿ ಒಂದೂವರೆಗೆ ಇಳಿದಿತ್ತು. ಸ್ವಂತ ರಕ್ತವೇ ಚಾಡಿ ಹೇಳಿದರೆ ಯಾರನ್ನು ನಂಬುವುದು?

"ಐದು ತಟ್ಟೆ. ಹಾರ ಶೆಡ್ಡಲ್ಲಿದೆ. ಆದ್ರೂ ಗೆದ್ದೆ ಕಣೇ!"

"ಕವಾಟದಲ್ಲಿ ಹೆಪ್ಪು ಕೂತಿದ್ರೆ ಆ ಹಾರ ಯಾರ ಕೊರಳಿಗೆ ಹಾಕ್ಲಿ?" ಅವಳ ಕಣ್ಣು ತುಂಬಿತು. ಆಪರೇಷನ್ನಿನ ದಿನ ಬಾಗಿಲಾಚೆ ಒಂಬತ್ತು ಗಂಟೆ ಕೂತಿದ್ದವಳು ಅವಳು. ಒನ್ನೋಗೆ ನಿಜಕ್ಕೂ ನಾಚಿಕೆಯಾಯಿತು.

ಡಾಕ್ಟರು ಅಂದೇ ಬರೆದುಕೊಟ್ಟರು: ಅಂಕಿ ಮೇಲೇರುವವರೆಗೆ ಹೊಟ್ಟೆಗೆ ಹೆಪ್ಪು ತಡೆಯುವ ಇಂಜೆಕ್ಷನ್, ದಿನಕ್ಕೆರಡು. ಚುಚ್ಚುವವಳು ವೀಬ್ಕೆ. ಅವಳು ಶೆಡ್ಡಿನಿಂದ ದವಡೆಯ ಹಾರ ತಂದಳು, ಒರೆಸಿದಳು, ಗಂಡನ ಕೊರಳಿಗೆ ಹಾಕಿದಳು. ಆಮೇಲೆ ಸಿರಿಂಜು ಎತ್ತಿ ತಲೆಬಾಗಿದಳು.

"ಮಹಾಪ್ರಭುಗಳು ಈಗ ಅಂಗಿ ಎತ್ತಬೇಕು!"