ಲ್ಯಾಕ್ಟೋಮೀಟರ್ ಹಾರಿಸಿದ ಬಾವುಟ

ಕುದೂರಿನ ಹತ್ತಿರದ ನಮ್ಮೂರಿನಲ್ಲಿ ನಾನು ಹಾಲಿನ ಡೈರಿಯ ಕಾರ್ಯದರ್ಶಿ. ದಿನಕ್ಕೆರಡು ಸಲ ಇಡೀ ಊರು ನನ್ನ ಕಿಟಕಿಯ ಮುಂದೆ ಬಂದು ಹೋಗುತ್ತದೆ. ಇಂಥ ಜಾಗದಲ್ಲಿ ಏನೂ ನಡೆಯದ ದಿನವಿದ್ದರೆ ಅದನ್ನೇ ಸುದ್ದಿ ಅನ್ನಬೇಕು.

ಸಾಲು

ನಮ್ಮಲ್ಲಿ ಸಾಲಿನಲ್ಲಿ ನಿಲ್ಲುವುದು ಜನರಲ್ಲ, ಕ್ಯಾನುಗಳು. ಬಂದವರು ಕ್ಯಾನನ್ನು ಸಾಲಿನಲ್ಲಿಟ್ಟು ಎದುರಿನ ಟೀ ಅಂಗಡಿಗೆ ಹೋಗುತ್ತಾರೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ವಿಧಾನಸೌಧದಲ್ಲೂ ಇಷ್ಟು ಶಿಸ್ತು ನಾನು ಕಂಡಿಲ್ಲ.

ಹೋದ ವರ್ಷ ಆಗಸ್ಟ್ ಹದಿನೈದರಂದು ಬಾವುಟ ಹಾರಿಸಿ ರಾಷ್ಟ್ರಗೀತೆ ಶುರು ಮಾಡಿದೆವು. ತಿರುಗಿ ನೋಡಿದರೆ ಕ್ಯಾನುಗಳು ಮಾತ್ರ ಅಲುಗಾಡದೆ ನೆಟ್ಟಗೆ ನಿಂತಿದ್ದವು. ಮುಗಿದ ಮೇಲೆ ಟೀ ಅಂಗಡಿಗೆ ಹೋಗಿ ಕೇಳಿದೆ, "ಎದ್ದು ಬರೋಕಾಗ್ಲಿಲ್ವಾ?"

ಒಬ್ಬ ಲೋಟ ಕೆಳಗಿಡದೆ ಹೇಳಿದ, "ನಮ್ ಕ್ಯಾನ್ ನಿಂತಿತ್ತಲ್ಲ ಸಾ."

ಗಡಿ

ಗಡಿಯಲ್ಲಿ ಗುಂಡು ಹಾರಿದ ವಾರ ಟೀ ಅಂಗಡಿಯೇ ಯುದ್ಧದ ಕಚೇರಿಯಾಗಿತ್ತು. ಸೇನಾಪತಿ ನಮ್ಮ ಡೈರಿಯ ಮಾಜಿ ಅಧ್ಯಕ್ಷರು.

"ಈ ಸಲ ಬುಡ್ಬಾರ್ದು ಕಣ್ಲಾ. ನಮ್ ಜಾಗಕ್ಕೆ ಒಂದಡಿ ಬಂದ್ರೆ ನಾವು ಹತ್ತಡಿ ಒಳಕ್ಕೆ ನುಗ್ಬೇಕು."

ಅವರ ಹೊಲ ಊರಿನ ಶಾಲೆಗೆ ಅಂಟಿಕೊಂಡಿದೆ. ಬೇಲಿ ವರ್ಷವರ್ಷವೂ ಆಟದ ಮೈದಾನದ ಕಡೆಗೆ ನಡೆದು ಬರುತ್ತಿದೆ.

"ಸ್ಕೂಲಿನ ಕಡೆ ಎರಡಡಿ ನುಗ್ಗಿದ್ದೀರಲ್ಲ, ಅದೇನು?" ಅಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅದು ಆಂತರಿಕ ವಿಚಾರ ಸಾ," ಅಂದರು.

ಕಂಬ ಯಾರದು

ಈ ವರ್ಷ ಬಾವುಟ ಯಾರು ಹಾರಿಸಬೇಕೆಂದು ಸಭೆ ಸೇರಿತು. ಈಗಿನ ಅಧ್ಯಕ್ಷರು ಒಂದು ಪಕ್ಷ, ಮಾಜಿ ಇನ್ನೊಂದು.

"ಕಂಬ ನೆಡ್ಸಿದ್ದು ನಾನು," ಅಂದರು ಮಾಜಿ.

"ಕಿತ್ಕೊಂಡೋಗು ಕಣ್ಲಾ ನಿನ್ ಕಂಬ. ಬಾವುಟ ನಂದು," ಅಂದರು ಅಧ್ಯಕ್ಷರು.

"ಹಂಗಾರೆ ನಮ್ಮೋರ ಹಾಲು ನಾಳೆಯಿಂದ ಪ್ರೈವೇಟ್ ಡೈರಿಗೆ."

ಅರ್ಧ ಊರಿನ ಹಾಲು ಹೋದರೆ ಡೈರಿಗೆ ಬೀಗ ಹಾಕಬೇಕು. ಸಭೆಗಳಲ್ಲಿ ನಾನು ಮಾತಾಡುವವನಲ್ಲ. ಆ ದಿನ ಎದ್ದು ನಿಂತು ಒಂದೇ ಮಾತು ಹೇಳಿದೆ: "ಹದಿನೈದರ ಬೆಳಗ್ಗೆ ಯಾರ ಹಾಲಿಗೆ ಲ್ಯಾಕ್ಟೋಮೀಟರಿನಲ್ಲಿ ಹೆಚ್ಚು ಡಿಗ್ರಿ ಬರುತ್ತೋ ಅವರು ಹಾರಿಸಲಿ."

ನೀರು ಬೆರೆತಷ್ಟೂ ಡಿಗ್ರಿ ಇಳಿಯುತ್ತದೆಂದು ಎಲ್ಲರಿಗೂ ಗೊತ್ತು. ಬೇಡ ಅನ್ನಲು ಬಾಯಿ ತೆರೆದವರು, ಬೇಡ ಅಂದರೆ ಏನರ್ಥವಾಗುತ್ತದೆಂದು ಯೋಚಿಸಿ ಬಾಯಿ ಮುಚ್ಚಿದರು. ಸರ್ವಾನುಮತ ಎಂದು ಬರೆದುಕೊಂಡೆ.

ಹದಿನೈದರ ಬೆಳಗ್ಗೆ

ಆ ಬೆಳಗ್ಗೆ ಬಂದಂಥ ಹಾಲನ್ನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಅಷ್ಟು ಗಟ್ಟಿ. ಅಷ್ಟೇ ಕಡಿಮೆ. ನಾಲ್ಕು ಕ್ಯಾನು ತರುವವರು ಮೂರು ತಂದಿದ್ದರು. ಹಾಲು ತುಂಬಿಕೊಳ್ಳಲು ಬಂದ ವ್ಯಾನಿನ ಡ್ರೈವರು ಒಳಗೆ ಇಣುಕಿ, "ಏನ್ ಸಾ, ಹಸುಗಳಿಗೂ ಇವತ್ತು ರಜಾನಾ?" ಅಂದ.

ಅಧ್ಯಕ್ಷರ ಹಾಲು ಇಪ್ಪತ್ತೆಂಟು ಡಿಗ್ರಿ. ಮಾಜಿಯದೂ ಇಪ್ಪತ್ತೆಂಟು. ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಸಾಲಿನ ಕೊನೆಯಲ್ಲಿ ಕುರಿ ಸಾಕುವ ಮನೆಯ ಅಜ್ಜಿ, ಒಂದೇ ಹಸುವಿನ ಹಾಲನ್ನು ಸಣ್ಣ ಕ್ಯಾನಿನಲ್ಲಿ ಹಿಡಿದು ನಿಂತಿದ್ದರು. ಇಪ್ಪತ್ತೊಂಬತ್ತು.

"ಅವ್ವಾ, ಬಾವುಟ ನೀವೇ ಹಾರಿಸಬೇಕು."

"ನಾನೇನ್ ಮಾಡ್ದೆ ಕಣಪ್ಪಾ? ದಿನಾ ತರೋ ಹಾಲೇ ತಂದಿವ್ನಿ."

ದಿನವೂ ಹಸುವಿನ ಹಗ್ಗ ಬಿಚ್ಚುವ ಕೈ. ಒಂದೇ ಎಳೆತಕ್ಕೆ ಬಾವುಟ ಬಿಚ್ಚಿಕೊಂಡಿತು. ಯಾರು ಗೆದ್ದರೆಂದು ತಿಳಿಯುವ ಕುತೂಹಲಕ್ಕೆ ಟೀ ಅಂಗಡಿ ಖಾಲಿಯಾಗಿತ್ತು. ಹಾಗಾಗಿ ಈ ಸಲ ರಾಷ್ಟ್ರಗೀತೆಗೆ ಕ್ಯಾನುಗಳ ಜೊತೆ ಜನರೂ ನಿಂತರು.

ಆಮೇಲೆ ಅಧ್ಯಕ್ಷರು, ಮಾಜಿ ಇಬ್ಬರೂ ನನ್ನ ಕೋಣೆಗೆ ಬಂದು ಒಂದೇ ಬೆಂಚಿನ ಮೇಲೆ ಕೂತರು. ಹಾಗೆ ಕೂತದ್ದನ್ನು ಊರು ನೋಡಿರಲಿಲ್ಲ.

"ಒಂದ್ ವರ್ಷ ಇವ್ನು ಹಾರುಸ್ಲಿ, ಒಂದ್ ವರ್ಷ ನಾನು," ಅಂದರು ಅಧ್ಯಕ್ಷರು. "ನಮ್ಮಲ್ಲೇನೂ ಜಗಳ ಇಲ್ಲ."

"ಲ್ಯಾಕ್ಟೋಮೀಟರ್‌ನ ಮಾತ್ರ ರಾಜಕೀಯಕ್ಕೆ ತರ್ಬ್ಯಾಡಿ ಸಾ," ಅಂದರು ಮಾಜಿ.

ಎರಡು ಪಕ್ಷ ಒಂದಾಗಿ ಡೈರಿ ಉಳಿಯಿತು. ಸಂಜೆ ಮತ್ತೆ ವ್ಯಾನು ಬಂತು. ಬೆಳಗ್ಗೆಯ ಮೂರು ಕ್ಯಾನು ಮತ್ತೆ ನಾಲ್ಕಾದದ್ದನ್ನು ನೋಡಿ ಡ್ರೈವರು ಕೇಳಿದ, "ರಜಾ ಮುಗೀತಾ ಸಾ?"