ಒಬ್ಬನೇ ಅಡ್ಡಾಡಿದ ದ್ವೀಪ

ಯುದ್ಧ ಮುಗಿಸಿ ಬಂದ ಗಂಡ ಹೆಂಡತಿಗೆ ಗುಂಡು, ತೋಪಿನ ಕತೆ ಹೇಳಿದ್ದರೆ ಸಂಸಾರ ಸುಖವಾಗಿರುತ್ತಿತ್ತು. ಜೋರಾಪುರ ಪೇಟೆಯ ಅಮರಪ್ಪ ಇಟಲಿಯ ಕಡೆಯ ಒಂದು ಪುಟ್ಟ ದ್ವೀಪದ ಕತೆ ಹೇಳಿದ. ಕಾಲಿನ ಗಾಯ ಮಾಯುವ ತನಕ ಪಲ್ಟಣದವರು ಅವನನ್ನು ಅಲ್ಲಿಟ್ಟಿದ್ದರು. ಸುತ್ತ ನೀಲಿ ಸಮುದ್ರ, ನಡುವೆ ಒಲೆಯಂತೆ ಹೊಗೆಯಾಡುವ ಗುಡ್ಡ, ಕಾಲಡಿಗೆ ಬೆಚ್ಚಗಿನ ಕರಿ ಉಸುಕು. ದ್ರಾಕ್ಷಿ ತೋಟಗಳ ನಡುವಿನ ಕಾಲುದಾರಿ ಹಿಡಿದು ಹೊತ್ತು ಮುಳುಗುವ ತನಕ ಅಡ್ಡಾಡುವುದೇ ಅವನ ಕೆಲಸ. ನಡೆದಷ್ಟೂ ನೋವು ಮರೆಯುತ್ತಿತ್ತು.

"ಯಾರ ಕೂಡ?" ಎಂದಳು ಗುರುಬಸವ್ವ.

"ನಾ ಒಬ್ಬನ."

"ಕೆಲಸಿಲ್ಲ ಬೊಗಸಿಲ್ಲ, ಒಬ್ಬರ ಯಾರರೆ ಅಡ್ಡಾಡ್ತಾರೇನ್ರಿ? ಆಕಿ ಹೆಸರರೆ ಹೇಳ್ರಿ!"

ಇಲ್ಲದವಳ ಹೆಸರು ಹೇಳುವುದು ಹೇಗೆ? ಗುರುಬಸವ್ವ ಗಂಟು ಕಟ್ಟಿಕೊಂಡು ತಿಕೋಟಾದ ತವರಿಗೆ ಹೊರಟೇಹೋದಳು. ಅವಳಿಲ್ಲದ ಮನೆಯಲ್ಲಿ ಅಮರಪ್ಪನಿಗೆ ರೊಟ್ಟಿ ಸೇರದು, ನಿದ್ದೆ ಹತ್ತದು. ಒಂದು ಮುಂಜಾನೆ ತಡೆಯಲಾರದೆ ಬಾಗಿಲಿಗೆ ಕೀಲಿ ಹಾಕಿ ಹೊರಬಿದ್ದ.

ಎದುರು ಮನೆಯ ಕಾಶಿಬಾಯಿ ಕಸ ಹೊಡೆಯುವುದನ್ನು ನಿಲ್ಲಿಸಿದಳು. "ಎಲ್ಲಿಗೆ ಹೊಂಟಿ ತಮ್ಮಾ?"

"ಸುಮ್ನ ಅಡ್ಡಾಡಾಕ್ರಿ, ಅಕ್ಕಾರ."

"ಸುಮ್ನ? ಆರಾಮ ಅದಿಯಿಲ್ಲೋ?"

ಕಾಲುಗಳು ತಾವಾಗಿಯೇ ತಿಕೋಟಾ ರಸ್ತೆ ಹಿಡಿದವು. ಊರು ದಾಟಿದ್ದೇ ಕಪ್ಪು ಎರಿ ಹೊಲ ಕರಿ ಉಸುಕಾಯಿತು, ಗಾಳಿಗೆ ತೂಗುವ ಜೋಳದ ಬೆಳೆ ಸಮುದ್ರವಾಯಿತು. ದಾರಿಗುಂಟ ನಿಂತ ಪಾಪಾಸುಕಳ್ಳಿಯಂತೂ ಥೇಟ್ ಆ ದ್ವೀಪದ್ದೇ. ಎದುರಿನಿಂದ ಜನ ತುಂಬಿದ ಸರ್ವೀಸ್ ಮೋಟಾರೊಂದು ಧೂಳೆಬ್ಬಿಸಿ ಹೋಯಿತು. ಅಮರಪ್ಪ ಅದನ್ನು ಗುಡ್ಡದ ಹೊಗೆಯೆಂದೇ ಬಗೆದು ಸುಖವಾಗಿ ಕಣ್ಣು ಮುಚ್ಚಿದ.

ಕಣ್ಣು ತೆರೆದರೆ ಪಕ್ಕದಲ್ಲಿ ಕಾಸಿಮಸಾಬನ ಟಾಂಗಾ ನಿಂತಿತ್ತು.

"ಹತ್ರಿ, ಅಮರಪ್ಪಾರ."

"ನಾ ಸುಮ್ನ ಅಡ್ಡಾಡಾಕತ್ತೇನಪಾ."

"ತಿಕೋಟಾ ದಾರ್ಯಾಗ ತಿಕೋಟಾದ ಅಳಿಯಾ ಸುಮ್ನ ಅಡ್ಡಾಡ್ತಾನೇನ್ರಿ? ಹೆಂಡ್ತೀನ ಕರ್ಯಾಕ ಹೊಂಟೀರಿ. ಇದರಾಗ ನಾಚಿಕಿ ಏನೈತ್ರಿ!" ಎಂದು ಕಾಸಿಮಸಾಬ ತೋಳು ಹಿಡಿದು ಏರಿಸಿಯೇ ಬಿಟ್ಟ. ಬೇಡವೆನ್ನಲು ಅಮರಪ್ಪನಿಗೂ ಮನಸ್ಸಾಗಲಿಲ್ಲ.

ಅವನನ್ನು ಕಂಡ ಮಾವ ಗುರಲಿಂಗಪ್ಪ ಹಣೆ ಬಡಿದುಕೊಂಡ. "ಆಕಿ ಮುಂಜಾನಿ ಮೋಟಾರಿಗೆ ನಿಮ್ಮಲ್ಲಿಗೇ ಹೋದ್ಳಲ್ರಿ! 'ಅವರು ಖರೇನ ಒಬ್ಬರ ಅಡ್ಡಾಡಿರಬೇಕು ಯಪ್ಪಾ, ನಾನ ತಪ್ಪ ತಿಳಕೊಂಡೆ' ಅಂದ್ಳು."

ಅಮರಪ್ಪನ ಸಂತೋಷಕ್ಕೆ ಪಾರವೇ ಇರಲಿಲ್ಲ. ನೀರು ಸಹ ಕುಡಿಯದೆ ಅದೇ ಟಾಂಗಾ ಏರಿದ. ದಾರಿಯುದ್ದಕ್ಕೂ ಕರಿ ಉಸುಕಿನ ಮೇಲೆ ಗುರುಬಸವ್ವ ಸೆರಗು ಹಾರಿಸುತ್ತ ಅವನ ಮುಂದೆ ಮುಂದೆ ನಡೆದಳು. ಅವನು ಅವಳಿಗೆ ಸಮುದ್ರ ತೋರಿಸಿದ, ಹೊಗೆಯ ಗುಡ್ಡ ತೋರಿಸಿದ. ನಡುವೆ ಇನ್ನೊಂದು ಮೋಟಾರು ಧೂಳೆಬ್ಬಿಸಿ ತಿಕೋಟಾದ ಕಡೆಗೆ ಹೋಯಿತು. ಅವನು ಮತ್ತೆ ಕಣ್ಣು ಮುಚ್ಚಿದ.

ಮನೆಗೆ ಬಂದರೆ ಬಾಗಿಲ ಕೀಲಿ ಹಾಗೆಯೇ ಇತ್ತು. ಕಟ್ಟೆಯ ಮೇಲೆ ಕಾಶಿಬಾಯಿ ಕೂತಿದ್ದಳು.

"ಗುರುಬಸವ್ವ ಬಂದಿದ್ಳು ತಮ್ಮಾ. ಅಡ್ಡಾಡಾಕ ಹೋಗ್ಯಾನ ಅಂದೆ. 'ಒಬ್ಬರ ಹೋಗ್ಯಾರೇನ್ರಿ?' ಅಂತ ಕೇಳಿದ್ಳು."

"ನೀವೇನಂದ್ರಿ?"

"ಗಂಡಗ ತಲಿ ಕೆಟ್ಟೈತಿ ಅಂತ ಆಕಿ ತಿಳೀಬಾರದಲ್ಲ, ನಿನ್ನ ಮಾನಾ ಉಳಿಸಿದೆ ನೋಡಪಾ" ಎಂದಳು ಕಾಶಿಬಾಯಿ ಹೆಮ್ಮೆಯಿಂದ. "ಒಬ್ಬನ ಯಾಕ ಹೋಗ್ತಾನವ್ವಾ, ಯಾರರೆ ಜೋಡಿ ಇದ್ದಾರು ಅಂದೆ. ಯಾಕೋ ಏನೋ, ನಿಂತ ಕಾಲ ಮ್ಯಾಲೆ ತಿರುಗಿ ಹೋದ್ಳು."