ಮಾವನ ಹೊಟ್ಟೆಯಲ್ಲಿ ರೋಮ್ ಸೈನ್ಯ

‘ಆ ಮನೆಯಲ್ಲಿ ಗಂಡ ನಾಣ್ಯ ಕೆರೆಯುತ್ತಾನೆ, ಹೆಂಡತಿ ಹಲ್ಲು ಕಡಿಯುತ್ತಾಳೆ, ಎರಡು ಸದ್ದೂ ಗೋಡೆಯಾಚೆ ಕೇಳುತ್ತದೆ’ ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಆನೆ ನಡೆದದ್ದೇ ದಾರಿ! ರೋಮ್ ಸಾಮ್ರಾಜ್ಯದ ಕೊನೆಗಾಲದ ಕಂಚಿನ ನಾಣ್ಯಗಳನ್ನು ಚೀಲಗಟ್ಟಲೆ ತಂದು ಒಂದೊಂದರ ಜಾತಕ ಬಿಡಿಸಿದ ಧೀರ ನಾನು. ಉಗುರಗಲದ ನಾಣ್ಯ, ಒಂದು ಕಡೆ ದೊರೆಯ ತಲೆ, ಇನ್ನೊಂದು ಕಡೆ ಇಬ್ಬರು ಸೈನಿಕರು. ಅವರ ನಡುವೆ ಬಾವುಟ ಎರಡಿದ್ದರೆ ಮೊದಲಿನದು, ಒಂದೇ ಇದ್ದರೆ ಆಮೇಲಿನದು. ಇಷ್ಟು ತಿಳಿಯುವಷ್ಟರಲ್ಲಿ ನನ್ನ ಅರ್ಧ ತಲೆಗೂದಲು ಉದುರಿತ್ತು!

ಜಾತಕ ಬಿಡಿಸದೆ ಉಳಿದದ್ದು ಒಂದೇ ನಾಣ್ಯ. ಮೈತುಂಬ ಕಲ್ಲಿನಂಥ ಕಿಲುಬು.

“ಭಾನುವಾರದೊಳಗೆ ಇದರ ಕುಲಗೋತ್ರ ಹೇಳದಿದ್ದರೆ ನನ್ನ ಹೆಸರೇ ಬೇರೆ!” ಎಂದು ತೊಡೆ ತಟ್ಟಿದೆ.

“ಹೆಸರು ಹಾಗೇ ಇರ್ಲಿ, ಊಟದ ಮೇಜು ಖಾಲಿ ಮಾಡಿ,” ಎಂದಳು ಹೆಂಡತಿ. “ಹೇಳೋಕಾಗ್ಲಿಲ್ಲ ಅಂದ್ರೆ ಅಷ್ಟೂ ನಾಣ್ಯ ಗುಜರಿಗೆ. ಸರೀನಾ?”

“ಸರಿ!” ಎಂದೆ. ಹುಲಿ ಏರಿದವನು ಇಳಿಯುವುದುಂಟೇ!

ಕಿಲುಬು ಮೆತ್ತಗಾಗಲೆಂದು ನಾಣ್ಯವನ್ನು ಬಟ್ಟಿಯಿಳಿಸಿದ ನೀರಿನ ಲೋಟದಲ್ಲಿ ನೆನೆಹಾಕಿ, ಭೂತಗನ್ನಡಿ ತರಲು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ, ಮಗಳ ಮನೆಗೆಂದು ಬಂದಿದ್ದ ನಮ್ಮ ಮಾವ ಮಾತ್ರೆಯನ್ನು ಬಾಯಿಗೆಸೆದು, ಅದೇ ಲೋಟವೆತ್ತಿ ಗಟಗಟ ಕುಡಿದೇ ಬಿಟ್ಟರು!

“ಈಚೆಗೆ ಮಾತ್ರೇನ ಬಹಳ ದೊಡ್ಡದು ಮಾಡಿದಾರಪ್ಪ,” ಎಂದರು, ಗಂಟಲು ನೀವಿಕೊಳ್ಳುತ್ತ.

“ಮಾವ! ನೀವು ನುಂಗಿದ್ದು ರೋಮ್ ಸಾಮ್ರಾಜ್ಯ!”

“ಅಯ್ಯೋ ಅಪ್ಪಾ!” ಎಂದಳು ಇವಳು.

“ಅಯ್ಯೋ ನಾಣ್ಯ!” ಎಂದೆ ನಾನು. ಆಗ ಅವಳು ನೋಡಿದ ನೋಟಕ್ಕೆ ನನ್ನ ಮೈಮೇಲೂ ಕಿಲುಬು ಕಟ್ಟಿತು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. “ಭಯ ಬೇಡ, ಹೊಟ್ಟೇಲಿದೆ.”

“ಡಾಕ್ಟ್ರೇ, ನಡುವೆ ಬಾವುಟ ಒಂದೋ ಎರಡೋ?”

“ನನಗೆ ಕಾಣ್ತಿರೋದು ಪಕ್ಕೆಲುಬು ಕಣ್ರೀ! ಬಾಳೆಹಣ್ಣು ತಿನ್ನಿಸಿ, ಕಾಯಿರಿ. ತಾನಾಗೇ ಬರುತ್ತೆ.”

ಕಾದೆ! ಅರಮನೆಯ ದ್ವಾರಪಾಲಕನಂತೆ ಪಾಯಿಖಾನೆಯ ಬಾಗಿಲು ಕಾದೆ!

“ಮಾವ, ಬಂತಾ?”

“ಬಂದ್ರೆ ಡಂಗುರ ಹೊಡೆಸ್ತೀನಿ, ಹೋಗಯ್ಯ ಅತ್ಲಾಗೆ!”

ಭಾನುವಾರ ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಗುಜರಿಯವನ ಕೂಗು ಕೇಳಿತು. ಹೆಂಡತಿ ನಾಣ್ಯದ ಡಬ್ಬಿ ಎತ್ತಿಕೊಂಡಳು. ಸರಿಯಾಗಿ ಅದೇ ಹೊತ್ತಿಗೆ ಒಳಗಿನಿಂದ ‘ಟಣ್’! ಇಕ್ಕಳ ಹಿಡಿದು ನುಗ್ಗಿದೆ. ತೊಳೆದೆ, ಮತ್ತೆ ತೊಳೆದೆ, ಭೂತಗನ್ನಡಿ ಹಿಡಿದೆ. ಆಹಾ! ನಾನು ತಿಂಗಳುಗಟ್ಟಲೆ ಕೆರೆದರೂ ಜಗ್ಗದ ಕಿಲುಬನ್ನು ಮಾವನ ಜಠರಾಗ್ನಿ ಹೇಳಹೆಸರಿಲ್ಲದಂತೆ ಮಾಡಿತ್ತು!

“ಬಾವುಟ ಒಂದೇ! ತಲೆಯ ಸುತ್ತ ಅಕ್ಷರಾನೂ ಇದೆ! ಕಾನ್‌ಸ್ಟಾನ್ಸ್! ಕಾನ್‌ಸ್ಟಂಟೈನ್ ಚಕ್ರವರ್ತಿಯ ಕೊನೇ ಮಗ!”

ಹೆಂಡತಿ ಡಬ್ಬಿ ಕೆಳಗಿಟ್ಟಳು. ಗೆದ್ದೆ!

“ಕೊಡಿಲ್ಲಿ,” ಎಂದು ಮಾವ ಕೈ ಚಾಚಿದರು.

“ಮಾವ, ಅದು ನನ್ನ ನಾಣ್ಯ...”

“ನೀನು ಕೊಂಡವನು. ಹೆತ್ತವನು ನಾನು! ಆ ಸಂಕಟ ನಿನಗೇನು ಗೊತ್ತು?”

ಹೆಂಡತಿಯ ಕಡೆ ನೋಡಿದೆ. “ಹೆತ್ತವರಿಗೆ ಹೆಗ್ಗಣ ಮುದ್ದು. ಕೊಟ್ಬಿಡ್ರಿ,” ಎಂದಳು.

ಸಂಜೆ ಮಾವ ತಮ್ಮೂರಿಗೆ ಹೊರಟರು. ಕನ್ನಡಕ ಮರೆತೆನೆಂದು ಒಮ್ಮೆ, ಕೊಡೆ ಮರೆತೆನೆಂದು ಮತ್ತೊಮ್ಮೆ ಹಿಂತಿರುಗಿದರು. ಎರಡು ಸಲವೂ ನನಗೆ ಆಸೆ, ಮನಸ್ಸು ಕರಗಿತೇನೋ ಎಂದು! ಕೊನೆಯ ಸಲ ಹೊಸ್ತಿಲು ದಾಟುವಾಗ ಜೇಬು ಮುಟ್ಟಿ ನೋಡಿಕೊಂಡು ಹೇಳಿದರು:

“ಅಳಿಯಾ, ಕಿಲುಬು ಹಿಡಿದದ್ದು ಇನ್ನೂ ಸಿಕ್ಕಿದ್ರೆ ಹೇಳಿ ಕಳಿಸು. ಹೊಟ್ಟೆ ಖಾಲಿ ಇಟ್ಕೊಂಡೇ ಬರ್ತೀನಿ!”